ಅದು ಪೋರಾ

ಹತ್ತನೇ ಕ್ಲಾಸಿನ ನಡುವೆ ನಮ್ಮ ಲೆಕ್ಕದ ಮಾಷ್ಟ್ರಿಗೆ ಬೇರೆ ಶಾಲೆಗೆ ವರ್ಗವಾಯಿತು. ಬದಿಯಡ್ಕದಿಂದಲೂ ಆಚೆ, ಅಡಿಕೆ ತೋಟಗಳ ನಡುವಿನ ಕನ್ನಡ ಮೀಡಿಯಂ ಶಾಲೆ ನಮ್ಮದು. ಅವರ ಜಾಗಕ್ಕೆ ಬಂದ ಟೀಚರ್ ತೆಂಕಣ ಕೇರಳದವರು, ಕನ್ನಡ ಬಾರದು. ನಮಗೋ ಮನೆಯಲ್ಲಿ ತುಳು, ಇಲ್ಲವೇ ಹವ್ಯಕ ಭಾಷೆ. ಮಲಯಾಳ ಅಂದರೆ ಬಸ್ಸಿನ ಬೋರ್ಡು ಗುರುತಿಸುವಷ್ಟು. ಕಾಸರಗೋಡಿನಲ್ಲಿ ಇದೇನೂ ಹೊಸ ಕಥೆ ಅಲ್ಲ ಬಿಡಿ.

ಲೆಕ್ಕಕ್ಕೆ ಭಾಷೆ ಯಾಕೆ ಅಂತ ದೊಡ್ಡವರೆಲ್ಲ ಸಮಾಧಾನ ಹೇಳಿದರು. ಸಮೀಕರಣ ಬಿಡಿಸುವಷ್ಟು ದಿನ ಅದು ನಿಜವೇ ಆಗಿತ್ತು. ಪಜೀತಿ ಶುರುವಾದದ್ದು ‘ಸಾಧಿಸಿ’ ಅನ್ನುವ ಪ್ರಶ್ನೆಗಳು ಬಂದಾಗ.

ಆ ದಿನದ್ದು ಹೀಗಿತ್ತು: ಸಾಲಾಗಿ ಬರುವ ಯಾವುದೇ ನಾಲ್ಕು ಸಂಖ್ಯೆಗಳನ್ನು ಗುಣಿಸಿ 1 ಕೂಡಿಸಿದರೆ ಪೂರ್ಣವರ್ಗ ಸಿಗುತ್ತದೆ, ಸಾಧಿಸಿ. ಇದೇನು ಮಹಾ ಅಂತ ನಾನೇ ಎದ್ದು ಬೋರ್ಡಿಗೆ ಹೋದೆ. 1×2×3×4+1 = 25, ಅಂದರೆ 5ರ ವರ್ಗ. ಮುಂದಿನದು 121, ಆಮೇಲೆ 361, 841. ಐದನೇ ಸಾಲು 5×6×7×8+1 = 1681. ಮೂಲೆಯಲ್ಲಿ ಗುಣಿಸಿ, ಅಂಗೈಯಲ್ಲಿ ಒರೆಸಿ, 41ರ ವರ್ಗ ಅಂತ ಬರೆದೆ. ಇನ್ನೇನು ಬೇಕು?

ಟೀಚರ್ ತಲೆ ಆಡಿಸಿದರು. “ಅದು ಪೋರಾ.”

ಕ್ಲಾಸ್ ಗೊಳ್ ಎಂದಿತು. ನನ್ನ ಕಿವಿ ಬಿಸಿಯಾಯಿತು. ಹತ್ತನೇ ಕ್ಲಾಸಿನವನನ್ನು ಪೋರ ಅನ್ನುವುದಾ? ಮನೆಯಲ್ಲಿ ಮಲಯಾಳ ಮಾತಾಡುವ ಗೆಳೆಯನೊಬ್ಬ ಹಿಂದಿನ ಬೆಂಚಿನಿಂದ ಪಿಸುಗುಟ್ಟಿದ, “ನಿನ್ನನ್ನಲ್ಲ ಮಾರಾಯ. ಅಷ್ಟು ಸಾಲದು ಅಂತ ಹೇಳುವುದು ಅವರು.”

ಯಾಕೆ ಸಾಲದು? ಟೀಚರ್ ಬೋರ್ಡಿನ ಮೇಲೆ ‘ಎನ್² + ಎನ್ + 41’ ಅಂತ ಬರೆದು “ಅಭಾಜ್ಯಂ” ಅಂದರು. ನಮ್ಮ ‘ಅವಿಭಾಜ್ಯ’ವೇ ಅಲ್ವಾ, ಅಷ್ಟು ತಿಳಿಯಿತು. ಎನ್ ಜಾಗದಲ್ಲಿ 0 ಹಾಕಿದರೆ 41, 1 ಹಾಕಿದರೆ 43, ಆಮೇಲೆ 47, 53. ಹತ್ತರವರೆಗೂ ನೋಡಿದೆವು, ಎಲ್ಲವೂ ಅವಿಭಾಜ್ಯವೇ. ಇದು ಹೀಗೇ ಅಂತ ನಾವು ಒಪ್ಪಿಬಿಟ್ಟಿದ್ದೆವು. ಅದು 39ರವರೆಗೂ ಮೋಸ ಮಾಡುವುದಿಲ್ಲ, ಅದೇ ಅದರ ಮೋಸ. ಟೀಚರ್ 40 ಹಾಕಿದರು. 1600, ಅದಕ್ಕೆ 40, ಅದಕ್ಕೆ 41. ಒಟ್ಟು 1681. ಏನೂ ಹೇಳದೆ, ಸೀಮೆಸುಣ್ಣದಿಂದ ನನ್ನ ಐದನೇ ಸಾಲನ್ನು ಟಕಟಕ ಬಡಿದರು. 41 ಸಲ 41. ನನ್ನದೇ ಅಕ್ಷರ!

ಆಮೇಲೆ ಪ್ರಶ್ನೆಗೆ ಬಂದರು. ಎನ್‌ನಿಂದ ಶುರುವಾಗುವ ನಾಲ್ಕು ಸಂಖ್ಯೆಗಳಲ್ಲಿ ಮೊದಲನೆಯದು ಮತ್ತು ಕೊನೆಯದನ್ನು ಗುಣಿಸಿದರೆ ಎನ್² + 3ಎನ್. ನಡುವಿನ ಎರಡನ್ನು ಗುಣಿಸಿದರೆ ಎನ್² + 3ಎನ್ + 2. ಇವೆರಡರ ನಟ್ಟನಡುವಿನದನ್ನು ಎಂ ಅಂತ ಕರೆದರು. ಈಗ ಉಳಿದದ್ದು (ಎಂ − 1)(ಎಂ + 1) + 1. ಗುಣಿಸಿದರೆ ಎಂ² − 1 + 1. ಎರಡು ಒಂದುಗಳೂ ಹೊಡೆದುಹೋಗಿ ಎಂ² ಒಂದೇ ನಿಂತಿತು. ನಾನು ಹಾಕದ ಸಂಖ್ಯೆಗಳೂ ಅದರೊಳಗೆ ಬಂದುಬಿಟ್ಟವು. ಒಂಬತ್ತನೇ ಕ್ಲಾಸಿನಿಂದ ಸುಮ್ನೆ ಬಾಯಿಪಾಠ ಮಾಡಿದ್ದ ನಿತ್ಯಸಮೀಕರಣ ಒಂದು ಕೆಲಸಕ್ಕೆ ಬಂದದ್ದನ್ನು ನೋಡಿದ್ದು ಅವತ್ತೇ.

ಅರ್ಧವಾರ್ಷಿಕ ಪರೀಕ್ಷೆಯಲ್ಲೂ ಅಂಥದೇ ಪ್ರಶ್ನೆ ಬಂತು. ಎಲ್ಲ ಸರಿ ಬರೆದೆ, ಎಂ ಅಂದರೆ ಯಾವುದು ಅಂತ ಹೇಳುವ ‘ಆಗಿರಲಿ’ ಸಾಲೊಂದನ್ನು ಬಿಟ್ಟು. ಪೇಪರು ಕೈಗೆ ಬಂದಾಗ ಅರ್ಧ ಮಾರ್ಕು ಹೋಗಿತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ಒಂದನೇ ಕ್ಲಾಸಿನ ಮಕ್ಕಳ ಹಾಗೆ ಉರುಟುರುಟಾದ ಕನ್ನಡ ಅಕ್ಷರ: ‘ಸಾಲದು’.