ಸುಣ್ಣ ಹೆಚ್ಚಾದ ಬೆಲ್ಲ

ಕೆಲಸಕ್ಕೆ ಅರ್ಜಿ ಹಾಕಿದ ಹೊಸತರಲ್ಲಿ ಒಂದು ಕಚೇರಿಯ ಗುಮಾಸ್ತರು ನನ್ನ ಪದವಿ ಪ್ರಮಾಣಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬಿ.ಎಸ್ಸಿ. ಸರಿಯಮ್ಮ, ಬಿ.ಎಡ್. ಎಲ್ಲಿ?" ಎಂದು ಕೇಳಿದರು. ಎರಡೂ ಅದರಲ್ಲೇ ಇವೆ ಸಾರ್ ಎಂದೆ. ಒಂದು ಕಾಗದದಲ್ಲಿ ಎರಡು ಪದವಿ ಹೇಗೆ ಬರುತ್ತವೆ ಎಂದರು. ಅದನ್ನು ವಿವರಿಸಲು ಮೂರು ಸಲ ಅಲೆದೆ. ಮೂರನೆಯ ಸಲ ಪಕ್ಕದ ಮೇಜಿನವರಿಗೆ ಅರ್ಥವಾಯಿತು. ಇವರಿಗೆ ಕೊನೆಗೂ ಆಗಲಿಲ್ಲ.

ಮನೆಯಲ್ಲಿಯೂ ಇದೇ ಗೊಂದಲ. 1997ರಲ್ಲಿ ನಾನು ಮಂಡ್ಯದಲ್ಲಿ ಪಿಯುಸಿ ಮುಗಿಸಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಬಿ.ಎಸ್ಸಿ., ಬಿ.ಎಡ್. ಎರಡನ್ನೂ ಒಟ್ಟಿಗೆ ಕಲಿಸುವ ನಾಲ್ಕು ವರ್ಷದ ಬಿ.ಎಸ್ಸಿ.ಎಡ್. ಸೇರುತ್ತೇನೆಂದಾಗ ಸೋದರಮಾವ ಬೆರಳು ಮಡಚಿ ಲೆಕ್ಕ ಹಾಕಿದರು. ಆಗ ಬಿ.ಎಡ್. ಒಂದೇ ವರ್ಷ. ಮೂರಕ್ಕೆ ಒಂದು ಸೇರಿದರೂ ನಾಲ್ಕೇ. "ವರ್ಷ ಉಳಿಯುವುದಿಲ್ಲ, ಮೇಷ್ಟರಾಗುವುದು ಬೇಡ ಎನಿಸಿದರೆ ನಡುವೆ ಬಿಟ್ಟುಬರುವಂತೆಯೂ ಇಲ್ಲ. ಎಲೆಯ ಮೇಲೆ ಅನ್ನ ಹುಳಿ ಕಲಸಿಕೊಂಡರೂ ಅದೇ ಅಕ್ಕಿ ಬೇಳೆ, ಬಿಸಿಬೇಳೆ ಭಾತ್ ಮಾಡಿದರೂ ಅದೇ ಅಕ್ಕಿ ಬೇಳೆ" ಎಂದರು. ಅಡುಗೆಮನೆಯಿಂದ ಅತ್ತೆ, "ಹಾಗಾದರೆ ನಾಳೆಯಿಂದ ಭಾತ್ ಕೇಳಬೇಡಿ" ಎಂದದ್ದರಿಂದ ಮಾತು ಅಲ್ಲಿಗೇ ನಿಂತಿತು. 2015ರಲ್ಲಿ ಬಿ.ಎಡ್. ಎರಡು ವರ್ಷವಾಯಿತು. ಈಗ ಮೂರಕ್ಕೆ ಎರಡು ಸೇರಿ ಐದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದಮೇಲಂತೂ ನಾಲ್ಕು ವರ್ಷದ ಈ ಸಂಯೋಜಿತ ಪದವಿಯೇ ಮುಂದಿನ ದಾರಿ ಎನ್ನುತ್ತಿದ್ದಾರೆ. ಮಾವ ಈಗ ಮೊಮ್ಮಗಳಿಗೆ ಅದನ್ನೇ ಶಿಫಾರಸು ಮಾಡುತ್ತಾರೆ, ಒಂದು ವರ್ಷ ಉಳಿಯುತ್ತದೆ ಎಂಬ ಕಾರಣಕ್ಕೆ. ಅವರ ಲೆಕ್ಕ ಇನ್ನೂ ಬೆರಳಿನ ಮೇಲೆಯೇ ಇದೆ.

ನಾವು ಸೇರುವ ಹೊತ್ತಿಗೆ ಹೆಸರು ಬದಲಾಗಿತ್ತಾದರೂ ಆಟೋದವರಿಗೆ ಅದು 'ರೀಜನಲ್ ಕಾಲೇಜು'. 1963ರಲ್ಲಿ ಕೇಂದ್ರ ಸರ್ಕಾರದ ಶೈಕ್ಷಣಿಕ ಸಂಶೋಧನೆ, ತರಬೇತಿ ಮಂಡಳಿಯಾದ ಎನ್‌ಸಿಇಆರ್‌ಟಿ ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರುಗಳಲ್ಲಿ ತೆರೆದ ನಾಲ್ಕು ಪ್ರಾದೇಶಿಕ ಕಾಲೇಜುಗಳಲ್ಲಿ ನಮ್ಮದೂ ಒಂದು. ಪದವಿ ಕೊಡುವುದು ಮೈಸೂರು ವಿಶ್ವವಿದ್ಯಾನಿಲಯ. ತರಗತಿಯಲ್ಲಿ ಕೇರಳದವರು, ತಮಿಳುನಾಡಿನವರು, ಆಂಧ್ರದವರು ತುಂಬಿದ್ದರು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ್ದ ನನಗೆ ಮೊದಲ ವರ್ಷ ಕಳೆದದ್ದು ಬಹುಪಾಲು ನಿಘಂಟಿನ ಜೊತೆ.

ಬೆಳಿಗ್ಗೆ ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಪಟ್ಟಕವಿಟ್ಟು ಕೋನ ಅಳೆಯುವುದು, ಮಧ್ಯಾಹ್ನ ಊಟ ಮುಗಿಸಿ ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ವಿವರಿಸಿದ ಮನೋವಿಜ್ಞಾನಿ ಪಿಯಾಜೆಯನ್ನು ಓದುತ್ತ ತೂಕಡಿಸುವುದು: ನಮ್ಮ ದಿನಗಳು ಹೀಗಿದ್ದವು. ಬೇರೆ ಕಾಲೇಜುಗಳಲ್ಲಿ ಬರೀ ಬಿ.ಎಸ್ಸಿ. ಓದುತ್ತಿದ್ದ ಗೆಳತಿಯರು ನಮ್ಮನ್ನು ಅರ್ಧ ವಿಜ್ಞಾನಿಗಳೆಂದು ರೇಗಿಸುತ್ತಿದ್ದರು. ಆದರೆ ಆ ಅರ್ಧದಲ್ಲಿ ಒಂದು ವಿಚಿತ್ರ ನಡೆಯಿತು. ಎರಡನೆಯ ವರ್ಷದ ನನ್ನ ಟಿಪ್ಪಣಿ ಪುಸ್ತಕಗಳನ್ನು ಈಚೆಗೆ ತೆಗೆದು ನೋಡಿದೆ. ಪುಟದ ನಡುವೆ ಇಂಗ್ಲಿಷಿನಲ್ಲಿ ಸಮೀಕರಣಗಳು, ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದ ಸಾಲುಗಳು. 'ಇದಕ್ಕೆ ಬಾವಿಯ ರಾಟೆ ಸಾಕಲ್ಲವೇ?' 'ಮಕ್ಕಳು ಇಲ್ಲಿ ತಪ್ಪು ತಿಳಿಯುತ್ತಾರೆ. ನಾನೂ ತಪ್ಪೇ ತಿಳಿದಿದ್ದೆ.' ಪಾಠ ಕೇಳುತ್ತಿದ್ದಾಗಲೇ ಎದುರಿಗೆ ಒಂದು ಮಗುವನ್ನು ಕೂರಿಸಿಕೊಂಡಿರುತ್ತಿದ್ದೆ. ಪದವಿ ಮುಗಿದ ಮೇಲೆ ಬಿ.ಎಡ್. ಮಾಡಿದ್ದರೆ ಆ ಮಗು ಮೂರು ವರ್ಷ ತಡವಾಗಿ ಬರುತ್ತಿತ್ತು.

ಸೂಕ್ಷ್ಮ ಬೋಧನೆಯ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಆರು ನಿಮಿಷದ ಪಾಠ, ಒಂದೇ ಕೌಶಲ. ಇಂದು ಪ್ರಶ್ನೆ ಕೇಳುವುದಾದರೆ ನಾಳೆ ಕಪ್ಪುಹಲಗೆ ಬಳಸುವುದು. ಸಹಪಾಠಿಗಳೇ ಮಕ್ಕಳ ವೇಷ ಹಾಕುತ್ತಿದ್ದರು. ತ್ರಿಶೂರಿನ ಗೆಳತಿಯೊಬ್ಬಳು ಎಂಟನೆಯ ತರಗತಿಯ ಮಗುವಾಗಿ ಎಷ್ಟು ಪರಕಾಯಪ್ರವೇಶ ಮಾಡುತ್ತಿದ್ದಳೆಂದರೆ, ಆರು ನಿಮಿಷದಲ್ಲಿ ಎರಡು ಸಲ ನೀರು ಕುಡಿಯಲು ಅಪ್ಪಣೆ ಕೇಳುತ್ತಿದ್ದಳು. ಆವರಣದಲ್ಲಿಯೇ ಇದ್ದ ಡೆಮಾನ್‌ಸ್ಟ್ರೇಷನ್ ಶಾಲೆಯ ನಿಜವಾದ ಮಕ್ಕಳು ಇದಕ್ಕಿಂತ ವಾಸಿ. ನಮ್ಮಂಥವರನ್ನು ಪ್ರತಿವರ್ಷ ಕಂಡು ಪಳಗಿದವರು. ಹಿಂದಿನ ಸಾಲಿನಲ್ಲಿ ನಮ್ಮ ಅಧ್ಯಾಪಕರು ಪುಸ್ತಕ ಹಿಡಿದು ಕುಳಿತರೆ ಸಾಕು, ಕರುಣೆಯಿಂದ ಎಲ್ಲರೂ ಕೈ ಎತ್ತುತ್ತಿದ್ದರು.

ಕೊನೆಯ ವರ್ಷದ ಬೋಧನಾಭ್ಯಾಸಕ್ಕೆ ಪಾಂಡವಪುರದ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆ ಸಿಕ್ಕಿತು. ಕನ್ನಡ ಮಾಧ್ಯಮ. ಸದ್ಯ ಬದುಕಿದೆ ಎಂದುಕೊಂಡು ಮೊದಲ ದಿನ ಹಲಗೆಯ ಮುಂದೆ ನಿಂತರೆ, ಕೈಯಲ್ಲಿದ್ದ ಟೆಸ್ಟ್‌ಟ್ಯೂಬಿಗೆ ಕನ್ನಡದ ಹೆಸರೇ ನೆನಪಾಗಲಿಲ್ಲ. "ಪ್ರನಾಳ ಮೇಡಂ" ಎಂದು ಮುಂದಿನ ಬೆಂಚಿನವರು ಹೇಳಿಕೊಟ್ಟರು.

ಆ ವಾರದ ಪಾಠ ಆಮ್ಲ ಮತ್ತು ಪ್ರತ್ಯಾಮ್ಲ. ಲಿಟ್ಮಸ್ ಕಾಗದದ ಜೊತೆ ದಾಸವಾಳದ ರಸ, ಅರಿಶಿನ, ನಿಂಬೆಹಣ್ಣು, ಸುಣ್ಣದ ತಿಳಿ ಎಲ್ಲವನ್ನೂ ಜೋಡಿಸಿಕೊಂಡಿದ್ದೆ. ಆಮ್ಲವನ್ನು ಪ್ರತ್ಯಾಮ್ಲ ತಟಸ್ಥಗೊಳಿಸುತ್ತದೆ ಎಂದು ಹೇಳಿ, ನಮ್ಮ ಸೀಮೆಯ ಉದಾಹರಣೆ ಇರಲೆಂದು, ಆಲೆಮನೆಯಲ್ಲಿ ಕಬ್ಬಿನ ರಸಕ್ಕೆ ಸುಣ್ಣ ಹಾಕುವುದೂ ಇದಕ್ಕೇ ಎಂದೆ. ಎರಡನೆಯ ಸಾಲಿನ ಹುಡುಗಿ ಎದ್ದು ನಿಂತಳು. ಅವರ ಮನೆಯದೇ ಆಲೆಮನೆ. "ಸುಣ್ಣ ಸ್ವಲ್ಪ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ ಮೇಡಂ, ಮಾರುಕಟ್ಟೆಯಲ್ಲಿ ಕಡಿಮೆ ರೇಟಿಗೆ ಕೇಳುತ್ತಾರೆ. ತಟಸ್ಥ ಆದಮೇಲೂ ಯಾಕೆ ಕಪ್ಪಾಗುತ್ತದೆ?"

ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಬರಲು ಒಂದು ವಾರ ಬೇಕಾಯಿತು.

ಶನಿವಾರ ಅವರ ಗಾಣದಿಂದಲೇ ಒಂದು ಬಾಟಲಿ ರಸ ಹಿಡಿಸಿಕೊಂಡು ಮೈಸೂರಿನ ಬಸ್ ಹತ್ತಿದೆ. ಸೋಮವಾರ ಪ್ರಯೋಗಾಲಯಕ್ಕೆ ಒಯ್ದರಾಯಿತೆಂದು ಹಾಸ್ಟೆಲ್ ಕೋಣೆಯ ಮೂಲೆಯಲ್ಲಿ ಇಟ್ಟಿದ್ದೆ. ಭಾನುವಾರ ರಾತ್ರಿ ಮುಚ್ಚಳ ಪಟಾರನೆ ಹಾರಿ, ಕೋಣೆಯ ಸಂಗಾತಿಯ ಬಿಳಿ ವೇಲಿನ ಮೇಲೆಲ್ಲ ರಸ ಚಿಮ್ಮಿತು. ಕೋಣೆಗೆ ಹೆಂಡದ ವಾಸನೆ. ಉಳಿದಷ್ಟನ್ನು ಒಯ್ದು ಗ್ಲೂಕೋಸಿನಂಥ ಸಕ್ಕರೆ ಇದೆಯೇ ಎಂದು ತೋರಿಸುವ ಫೆಹ್ಲಿಂಗ್ ದ್ರಾವಣ ಹಾಕಿ ಕಾಯಿಸಿದರೆ ಇಟ್ಟಿಗೆಗೆಂಪಿನ ಗಸಿ ದಪ್ಪನಾಗಿ ಕೂತಿತು. ರಸಾಯನವಿಜ್ಞಾನದ ಮೇಷ್ಟರು ನೋಡಿ, "ನೀನು ತಂದ ರಸ ದಾರಿಯಲ್ಲೇ ತೀರಿಕೊಂಡಿದೆ. ಇದರಲ್ಲಿ ಸಕ್ಕರೆ ಒಡೆದು ಗ್ಲೂಕೋಸು, ಫ್ರಕ್ಟೋಸು ಆಗಿ, ಅದೂ ಹುಳಿಯುತ್ತಿದೆ. ಹೊಸದು ತಾ" ಎಂದರು. ಅರೆದ ರಸವನ್ನು ಆಲೆಮನೆಯವರು ತಡಮಾಡದೆ ಕೊಪ್ಪರಿಗೆಗೆ ಏಕೆ ಸುರಿಯುತ್ತಾರೆಂಬುದು ನನಗೆ ತಿಳಿದದ್ದು ಹೀಗೆ, ಒಂದು ವೇಲಿನ ಬೆಲೆ ತೆತ್ತು.

ರಸ್ತೆ ಬದಿಯ ಕಬ್ಬಿನ ಹಾಲಿನ ಗಾಡಿಗೆ ಹೋಗಿ, ನಿಂಬೆ ಬೇಡ, ಶುಂಠಿ ಬೇಡ, ಐಸ್ ಅಂತೂ ಬೇಡವೇ ಬೇಡ ಎಂದೆ. ಗಾಡಿಯವರು, "ಯಾರಿಗಾದರೂ ಹುಷಾರಿಲ್ಲವೇನಮ್ಮ?" ಎಂದು ಕೇಳಿದರು.

ಮೂರು ಬೀಕರು. ಮೊದಲನೆಯದಕ್ಕೆ ಸುಣ್ಣವಿಲ್ಲ, ಎರಡನೆಯದಕ್ಕೆ ಲಿಟ್ಮಸ್ ನೋಡಿಕೊಂಡು ಹನಿಹನಿಯಾಗಿ, ಮೂರನೆಯದಕ್ಕೆ ಧಾರಾಳವಾಗಿ. ತಾಜಾ ರಸ ಕೊಂಚ ಆಮ್ಲೀಯ, ಪಿಎಚ್ ಐದರ ಮೇಲೆ ಸ್ವಲ್ಪ. ಹಾಗೆಯೇ ಕುದಿಸಿದರೆ ಆಮ್ಲದ ಜೊತೆ ಶಾಖ ಸೇರಿ ಸಕ್ಕರೆ ಒಡೆಯುತ್ತದೆ, ಬೆಲ್ಲ ಗಟ್ಟಿಯಾಗಿ ಅಚ್ಚು ಕೂರುವುದಿಲ್ಲ. ಹದವಾಗಿ ಸುಣ್ಣ ಬಿದ್ದರೆ ಆಮ್ಲ ಅಡಗುತ್ತದೆ, ರಸದಲ್ಲಿರುವ ಫಾಸ್ಫೇಟು ಕ್ಯಾಲ್ಸಿಯಂ ಜೊತೆ ಗಸಿಯಾಗಿ ಕೊಳೆಯನ್ನೂ ಎಳೆದುಕೊಳ್ಳುತ್ತದೆ. ಸುಣ್ಣ ಮಿತಿಮೀರಿದರೆ ರಸ ಕ್ಷಾರೀಯವಾಗಿ, ಅದರಲ್ಲಿ ಮೊದಲೇ ಇರುವ ಚೂರುಪಾರು ಗ್ಲೂಕೋಸು, ಫ್ರಕ್ಟೋಸುಗಳು ಕೆಟ್ಟು ಕಂದುಬಣ್ಣಕ್ಕೆ ತಿರುಗುತ್ತವೆ. ಮೂರನೆಯ ಬೀಕರು ಕಾಯುತ್ತಿದ್ದಂತೆ ಕಾಫಿ ಡಿಕಾಕ್ಷನ್ನಿನ ಹಾಗಾಯಿತು. ಇದೆಲ್ಲವನ್ನೂ ಹಿಂದಿನ ವರ್ಷ ಸಾವಯವ ರಸಾಯನವಿಜ್ಞಾನದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಒಳ್ಳೆಯ ಅಂಕವನ್ನೂ ತೆಗೆದುಕೊಂಡಿದ್ದೆ. ನಮ್ಮೂರಿನ ಬೆಲ್ಲಕ್ಕೂ ಅದಕ್ಕೂ ನಂಟಿದೆ ಎಂದು ಮಾತ್ರ ಹೊಳೆದಿರಲಿಲ್ಲ.

ಮುಂದಿನ ವಾರ ಮೂರು ಪುಟ್ಟ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಶಾಲೆಗೆ ಒಯ್ದೆ. ಅಂದೇ ಪಾಠ ನೋಡಲು ಕಾಲೇಜಿನಿಂದ ಮೇಷ್ಟರೊಬ್ಬರು ಬಂದಿದ್ದರು. ಯೋಜನೆಯ ಪ್ರಕಾರ ನಾನು ಲವಣಗಳಿಗೆ ಹೋಗಬೇಕಿತ್ತು. ಹೋಗಲಿಲ್ಲ. ನಲವತ್ತು ನಿಮಿಷವೂ ಬೆಲ್ಲವೇ ಆಯಿತು. ಗಂಟೆ ಹೊಡೆದ ಮೇಲೂ ಮಕ್ಕಳು ಸೀಸೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮೇಷ್ಟರು ನನ್ನ ಪಾಠಯೋಜನೆಯ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ, 'ಯೋಜನೆಯಂತೆ ನಡೆದಿಲ್ಲ. ಹೀಗೇ ನಡೆಸಿ' ಎಂದು ಬರೆದು ಸಹಿ ಹಾಕಿದರು. ಅಂಕ ಎಷ್ಟು ಬಂತೆಂದು ಈಗ ನೆನಪಿಲ್ಲ.

ಆ ಹುಡುಗಿ ಮೂರನೆಯ ಸೀಸೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು. "ಅಪ್ಪ ಅಳತೆ ಮಾಡುವುದಿಲ್ಲ ಮೇಡಂ. ನೊರೆಯ ಬಣ್ಣ ನೋಡಿ ಸಾಕು ಎನ್ನುತ್ತಾರೆ" ಎಂದಳು. ಸೀಸೆ ಮರಳಿ ಕೊಡುತ್ತ, ಇನ್ನೊಂದು ಕೇಳಲೇ ಎಂದಳು.

"ಸುಣ್ಣ ಆದಮೇಲೆ ಬೆಂಡೆ ಗಿಡ ಜಜ್ಜಿ ಅದರ ಲೋಳೆ ಹಾಕುತ್ತಾರಲ್ಲ, ಅದು ಆಮ್ಲವೋ ಪ್ರತ್ಯಾಮ್ಲವೋ?"

ಮೈಸೂರಿನ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ದಾರಿಯ ಬದಿಯ ಹಿತ್ತಿಲೊಂದರಲ್ಲಿ ಕೇಳಿ, ಎರಡು ಬೆಂಡೆ ಗಿಡ ಕಿತ್ತುಕೊಂಡು ಹೋದೆ.