429 ಕೋಟಿಯನ್ನು ಮೀರಿದ ಆ ಸಂಖ್ಯೆ ಮತ್ತು 641

ಮೂವತ್ತೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧಕ್ಕೆ 1 ಕೂಡಿಸಿದರೆ 4294967297 ದೊರೆಯುತ್ತದೆ. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ ಅದು ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷದ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಮಡಿಕೇರಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುವ ನನಗೆ ಇದಕ್ಕಿಂತ ಪ್ರಿಯವಾದ ಸಂಖ್ಯೆ ಇನ್ನೊಂದಿಲ್ಲ.

2ಕ್ಕೆ ಘಾತವಾಗಿ 1, 2, 4, 8, 16 ಇವುಗಳನ್ನಿಟ್ಟು ಪ್ರತಿ ಸಲವೂ 1 ಕೂಡಿಸಿದಾಗ ಕ್ರಮವಾಗಿ 3, 5, 17, 257, 65537 ಬರುತ್ತವೆ. ಐದೂ ಅವಿಭಾಜ್ಯ ಸಂಖ್ಯೆಗಳೇ. ಇದೇ ಕ್ರಮದಲ್ಲಿ ಮುಂದೆ ಬರುವವೆಲ್ಲವೂ ಅವಿಭಾಜ್ಯವಾಗಿಯೇ ಇರುತ್ತವೆಂದು ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರ ಸುಮಾರಿಗೆ ನಂಬಿದ್ದರು, ಆದರೆ ಸಾಧನೆಯನ್ನು ಕೊಟ್ಟಿರಲಿಲ್ಲ. 1729ರಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಪತ್ರ ಬರೆದು ಈ ಪ್ರಶ್ನೆಯನ್ನು ಇನ್ನೊಬ್ಬ ಗಣಿತಜ್ಞ ಆಯ್ಲರ್ ಅವರ ಗಮನಕ್ಕೆ ತಂದರು. ಮುಂದಿನ ಸಂಖ್ಯೆಯೇ, ಅಂದರೆ 4294967297, 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು 1732ರಲ್ಲಿ ಆಯ್ಲರ್ ತಿಳಿಸಿದರು, ಭಾಗಲಬ್ಧ 6700417.

ಕೊಡಗಿನ ಕಕ್ಕಡ ತಿಂಗಳ ಮಳೆಗೆ ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಮಕ್ಕಳು ಈ ಭಾಗಾಕಾರವನ್ನು ಕಾಗದದ ಮೇಲೆ ಮಾಡಿ ಮುಗಿಸುತ್ತಾರೆ, ಶೇಷ ಸೊನ್ನೆ ಬಂದಾಗ ಸಂತೋಷಪಡುತ್ತಾರೆ. ಆದರೆ 641 ಎಲ್ಲಿಂದ ಬಂತು ಎಂಬುದಕ್ಕೆ ಭಾಗಾಕಾರದಲ್ಲಿ ಉತ್ತರವಿಲ್ಲ. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕೆಂಬ ನಿಯಮವನ್ನು ಆಯ್ಲರ್ ಮುಂದೆ ಸಾಧಿಸಿದರು. ಅಂಥ ಅವಿಭಾಜ್ಯಗಳು 193, 257, 449, 577, 641 ಹೀಗೆ ಸಾಗುತ್ತವೆ. ಐದನೆಯದರಲ್ಲೇ ಉತ್ತರ ಸಿಕ್ಕಿಬಿಡುತ್ತದೆ.

ಭಾಗಾಕಾರವನ್ನೇ ಮಾಡದೆ ಇದನ್ನು ಕಾಣುವ ದಾರಿಯೂ ಇದೆ, ಮತ್ತು ನನ್ನ ಮಟ್ಟಿಗೆ ಇಡೀ ವಿಷಯದ ಸೊಬಗು ಇರುವುದು ಅಲ್ಲಿಯೇ. 641 ಎಂಬುದು 625 ಮತ್ತು 16ರ ಮೊತ್ತ, ಅಂದರೆ 5ರ ನಾಲ್ಕನೆಯ ಘಾತಕ್ಕೆ 2ರ ನಾಲ್ಕನೆಯ ಘಾತವನ್ನು ಕೂಡಿಸಿದ್ದು. ಅದೇ 641ರಲ್ಲಿ 1 ಕಳೆದರೆ ಉಳಿಯುವ 640, 5 ಮತ್ತು 128ರ ಗುಣಲಬ್ಧ, ಮತ್ತು 128 ಎಂದರೆ 2ರ ಏಳನೆಯ ಘಾತ. ಈಗ 2ರ 32ನೆಯ ಘಾತವನ್ನು 16 ಮತ್ತು 2ರ 28ನೆಯ ಘಾತದ ಗುಣಲಬ್ಧವಾಗಿ ಬರೆದು, 16ರ ಜಾಗದಲ್ಲಿ 641 − 625 ಎಂದು ಇಡಬೇಕು. 625ನ್ನು 2ರ 28ನೆಯ ಘಾತದಿಂದ ಗುಣಿಸಿದರೆ ಬರುವುದು 640ರ ನಾಲ್ಕನೆಯ ಘಾತವಲ್ಲದೆ ಬೇರೆಯಲ್ಲ. ಹಾಗಾಗಿ ನಮ್ಮ ಸಂಖ್ಯೆ ಹೀಗೆ ಕಾಣುತ್ತದೆ:

641 × 2²⁸ − (640⁴ − 1)

ಮೊದಲ ಪದದಲ್ಲಿ 641 ಕಣ್ಣಿಗೇ ಕಾಣುತ್ತದೆ. ಎರಡನೆಯದರಲ್ಲಿ x⁴ − 1 ಎಂಬುದಕ್ಕೆ x + 1 ಅಪವರ್ತನವೆಂದು ಹತ್ತನೆಯ ತರಗತಿಯ ಮಕ್ಕಳಿಗೂ ಗೊತ್ತು. Xನ ಜಾಗದಲ್ಲಿ 640 ಇಟ್ಟರೆ ಆ ಅಪವರ್ತನ 641. ಹತ್ತಂಕಿಯ ಸಂಖ್ಯೆಯೊಂದು ಶಾಲೆಯ ಬೀಜಗಣಿತಕ್ಕೆ ಹೀಗೆ ಸಂಪೂರ್ಣವಾಗಿ ತೆರೆದುಕೊಳ್ಳುವುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆಯಾದರೂ ನೋಡಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಇದರ ಪಕ್ಕದ ಬೆಸಸಂಖ್ಯೆಯೂ ಸಾಮಾನ್ಯದ್ದಲ್ಲ. 3, 5, 17, 257, 65537 ಇವೈದನ್ನೂ ಗುಣಿಸಿದರೆ 4294967295 ಬರುತ್ತದೆ, ನಮ್ಮ ಸಂಖ್ಯೆಗಿಂತ ಸರಿಯಾಗಿ ಎರಡು ಕಡಿಮೆ. ಹತ್ತೊಂಬತ್ತು ತುಂಬುವ ಮೊದಲೇ, 1796ರಲ್ಲಿ, ಹದಿನೇಳು ಬಾಹುಗಳ ನಿಯಮಿತ ಬಹುಭುಜವನ್ನು ಕೈವಾರ ಮತ್ತು ಗುರುತಿಲ್ಲದ ಪಟ್ಟಿಯಿಂದ ರಚಿಸಬಹುದೆಂದು ಜರ್ಮನಿಯ ಗಣಿತಜ್ಞ ಗೌಸ್ ತೋರಿಸಿದ ಮೇಲೆ ಈ ಐದು ಅವಿಭಾಜ್ಯಗಳಿಗೆ ಜ್ಯಾಮಿತಿಯಲ್ಲೂ ಸ್ಥಾನ ದೊರೆಯಿತು. ಅದೇ ಎರಡು ಸಲಕರಣೆಗಳಿಂದ ರಚಿಸಬಹುದೆಂದು ಇಂದು ತಿಳಿದಿರುವ, ಬಾಹುಗಳ ಸಂಖ್ಯೆ ಬೆಸವಾಗಿರುವ ಬಹುಭುಜಗಳಲ್ಲಿ ಅತಿ ದೊಡ್ಡದಕ್ಕೆ 4294967295 ಬಾಹುಗಳು. ಈ ಜಾತಿಯ ಆರನೆಯ ಅವಿಭಾಜ್ಯ ಸಿಗುವವರೆಗೆ ಆ ದಾಖಲೆ ಹಾಗೆಯೇ ಉಳಿಯುತ್ತದೆ. ಅಂಥದ್ದೊಂದು ಇದೆಯೆಂದಾಗಲಿ ಇಲ್ಲವೆಂದಾಗಲಿ ಇದುವರೆಗೆ ಯಾರೂ ಸಾಧಿಸಿಲ್ಲ.