ನೂರ ಇಪ್ಪತ್ತೊಂದನೇ ಸೋಲು ನೋಡಲು ಹೋಗಿ

"ದೊಡ್ಡಪ್ಪ, ಇವತ್ತು ಸೋತರೆ ದಾಖಲೆ. ನೂರು ವರ್ಷದಲ್ಲಿ ಯಾರೂ ಇಷ್ಟು ಸೋತಿಲ್ಲ. ಹೊರಡಿ," ಅಂದ ತಮ್ಮನ ಮಗ, ಮದುವೆಗೆ ಕರೆಯುವ ಧಾಟಿಯಲ್ಲಿ. ಶಿಕಾಗೊಗೆ ಬಂದು ಹತ್ತು ದಿನವಾಗಿತ್ತು. ಕೆರೆ ಎನ್ನಲು ಮನಸ್ಸೊಪ್ಪದ ಆ ಮಿಷಿಗನ್ ಕೆರೆ, ಕನ್ನಡಿಯಂಥ ಕಟ್ಟಡಗಳು, ಆರೋರಾದ ವೆಂಕಟೇಶ್ವರ ದೇವಸ್ಥಾನ ಎಲ್ಲ ನೋಡಿ ಮುಗಿದಿತ್ತು. ಉಳಿದದ್ದು ಇದೊಂದು, ಊರಿನ ಬೇಸ್‌ಬಾಲ್ ತಂಡ ವೈಟ್ ಸಾಕ್ಸ್ ಸೋಲುವುದನ್ನು ನೋಡುವುದು.

ನೇಪರ್‌ವಿಲ್‌ನಿಂದ ರೈಲಿನಲ್ಲಿ ಯೂನಿಯನ್ ಸ್ಟೇಷನ್. ಅಲ್ಲಿಂದ ನಾಲ್ಕು ಹೆಜ್ಜೆ ನಡೆದು ರೆಡ್ ಲೈನ್ ಹತ್ತಿದೆವು. ಊರು ದಾಟಿ ದಕ್ಷಿಣಕ್ಕೆ ತಿರುಗಿದ ಮೇಲೆ ರೈಲು ಹೆದ್ದಾರಿಯ ನಟ್ಟನಡುವೆಯೇ ಓಡುತ್ತದೆ, ಎರಡೂ ಕಡೆ ಕಾರುಗಳ ಹೊಳೆ. ಸಾಕ್ಸ್-35ನೇ ಬೀದಿ ನಿಲ್ದಾಣದಲ್ಲಿ ಇಳಿದು ಸೇತುವೆ ಹತ್ತಿದರೆ ಎದುರಿಗೇ ಮೈದಾನ. ಆಗ ಅದರ ಹೆಸರು ಗ್ಯಾರಂಟೀಡ್ ರೇಟ್ ಫೀಲ್ಡ್, ಹೆಸರು ಕೊಂಡ ಸಾಲದ ಕಂಪನಿಯ ಗುರುತು. ಆ ಕಂಪನಿಯ ಲಾಂಛನ ಕೆಳಮುಖದ ಕೆಂಪು ಬಾಣವಾಗಿತ್ತು. ಬಡ್ಡಿ ಇಳಿಯುತ್ತದೆ ಎಂದಿರಬೇಕು. ಈ ತಂಡದ ನೆತ್ತಿಯ ಮೇಲೆ ಅದನ್ನು ನೋಡಿ ನಗದೆ ಇರುವವರು ಯಾರೂ ಇರಲಿಲ್ಲ.

2024ರ ಸೆಪ್ಟೆಂಬರ್ 24, ಮಂಗಳವಾರ. ಶಿಕಾಗೊ ವೈಟ್ ಸಾಕ್ಸ್ ಆವರೆಗೆ ಆಡಿದ್ದ 156 ಪಂದ್ಯಗಳಲ್ಲಿ 36 ಗೆದ್ದು 120 ಸೋತಿತ್ತು. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ಕೂಡ 120 ಸೋತಿತ್ತು. ಆದರೆ ಮೆಟ್ಸ್‌ಗೆ ಅದು ಮೊದಲ ವರ್ಷ, ಎಳೆ ಕೂಸಿಗೆ ಮಾಫಿ ಇರುತ್ತದೆ. ನೂರು ದಾಟಿದ ಈ ಮುದುಕ ತಂಡಕ್ಕೆ ಯಾರು ಮಾಫಿ ಕೊಡುತ್ತಾರೆ?

ವಾಹನ ನಿಲ್ಲಿಸುವ ಜಾಗದಲ್ಲಿ ಹಳೇ ಕಾಮಿಸ್ಕಿ ಪಾರ್ಕಿನ ಹೋಮ್ ಪ್ಲೇಟ್, ಅಂದರೆ ಬ್ಯಾಟು ಹಿಡಿದವನು ನಿಲ್ಲುವ ಜಾಗ, ಇದ್ದ ಸ್ಥಳವನ್ನು ಗುರುತು ಮಾಡಿ ಇಟ್ಟಿದ್ದಾರೆ. 1991ರಲ್ಲಿ ಹೊಸ ಮೈದಾನ ಬಂದ ಮೇಲೆ ಹಳೆಯದನ್ನು ಕೆಡವಿದರು. ಅಪ್ಪ ಮಗನೊಬ್ಬರು ಅಲ್ಲಿ ಇಲ್ಲದ ಬ್ಯಾಟು ಹಿಡಿದು ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಒಳಗೆ ಎಲ್ಲೆಲ್ಲೂ ಹುರಿದ ಈರುಳ್ಳಿಯ ಘಮ, ಅದರ ಜತೆಗಿದ್ದದ್ದು ಮಾತ್ರ ನನಗೆ ವರ್ಜ್ಯ. ಕೊನೆಗೆ ಎಲೋಟೆ ಸಿಕ್ಕಿತು. ಜೋಳದ ಕಾಳು ಬಿಡಿಸಿ, ಬೆಣ್ಣೆ, ಚೀಸು, ನಿಂಬೆರಸ, ಖಾರದ ಪುಡಿ ಬೆರೆಸಿ ಲೋಟದಲ್ಲಿ ಕೊಡುತ್ತಾರೆ. ನಮ್ಮ ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ನಿಂತು ತಿಂದ ಹಾಗೇ ಇತ್ತು, ದರ ಒಂದನ್ನು ಬಿಟ್ಟು.

ಅರ್ಧಕ್ಕೂ ಹೆಚ್ಚು ಕುರ್ಚಿ ಖಾಲಿ. ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಯಜಮಾನರು, ತೊಡೆಯ ಮೇಲೆ ಅಂಕಪಟ್ಟಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಮುಂದಿನ ಸಾಲಿನಲ್ಲಿ ಮೂವತ್ತರ ಹೆಂಗಸು. ಒಂಬತ್ತು ಇನ್ನಿಂಗ್ಸಿನ ಆಟದಲ್ಲಿ ಮೊದಲನೆಯದು ಮುಗಿಯುವ ಮುಂಚೆಯೇ ಇವರಿಬ್ಬರಿಗೆ ಜಗಳ ಹತ್ತಿತು. ಪೆಡ್ರೊ ಗ್ರಿಫೋಲ್ ಎಂಬ ಮ್ಯಾನೇಜರ್‌ನದು ತಪ್ಪೋ ಅಲ್ಲವೋ?

ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ಲೆಕ್ಕ ಬರೆಯುವವನಲ್ಲ. ಯಾರು ಎಷ್ಟನೆಯವರಾಗಿ ಬ್ಯಾಟ್ ಹಿಡಿಯಬೇಕು, ಚೆಂಡೆಸೆಯುವವನ ತೋಳು ಸೋತಿತೆಂದು ಯಾವಾಗ ಬದಲಿಸಬೇಕು, ಎಲ್ಲ ಅವನದೇ. ಆಟಗಾರರ ಸಮವಸ್ತ್ರವನ್ನೇ ತೊಟ್ಟು ಕೂತಿರುತ್ತಾನೆ. ಹೊಟ್ಟೆ ಬಂದ ಗಂಡಸು ಆಟಗಾರನ ಬಟ್ಟೆಯಲ್ಲಿ ಮೈದಾನಕ್ಕಿಳಿಯುವುದು ನನಗೆ ಕೊನೆಯವರೆಗೂ ತಮಾಷೆಯಾಗಿಯೇ ಕಂಡಿತು.

"ಸತತ 21 ಸೋಲು," ಅಂದಳು ಆಕೆ. "1988ರ ಬಾಲ್ಟಿಮೋರ್ ಬಿಟ್ಟರೆ ಅಮೆರಿಕನ್ ಲೀಗಿನಲ್ಲಿ ಯಾರಿಗೂ ಆ ಗತಿ ಬಂದಿಲ್ಲ. ಅವನಿಗೆ ಹುಡುಗರನ್ನು ಹುರಿದುಂಬಿಸಲು ಬರಲಿಲ್ಲ." ಸರಣಿ ಮುರಿದ ಎರಡೇ ದಿನಕ್ಕೆ, ಆಗಸ್ಟ್ 8ರಂದು, ಗ್ರಿಫೋಲ್‌ರನ್ನು ಮನೆಗೆ ಕಳಿಸಿದ್ದರು.

ಯಜಮಾನರು ಪೆನ್ಸಿಲ್ ಕೆಳಗಿಳಿಸಿದರು. "ಅವನ ಕಾಲದಲ್ಲಿ ಈ ವರ್ಷ 28 ಗೆಲುವು, 89 ಸೋಲು. ಅವನು ಹೋದ ಮೇಲೆ ಸೈಜ್‌ಮೋರ್ ಬಂದ. 8 ಗೆಲುವು, 31 ಸೋಲು. ಭಾಗಿಸಿ ನೋಡು ತಾಯಿ." ನಾನು ನಿವೃತ್ತ ಬ್ಯಾಂಕಿನವನು, ಸುಮ್ಮನಿರಲಾಗದೆ ಭಾಗಿಸಿದೆ. ಮೊದಲಿನವನಿಗೆ ನೂರಕ್ಕೆ 24, ಈಗಿನವನಿಗೆ 21ಕ್ಕೂ ಕಡಿಮೆ. ಹಾಗಂತ ಹೇಳಿದ್ದೇ ತಡ, ಯಜಮಾನರು ನನ್ನನ್ನು ತಮ್ಮ ಪಕ್ಷಕ್ಕೆ ಸೇರಿಸಿಕೊಂಡುಬಿಟ್ಟರು.

ಅವರ ದೊಡ್ಡ ಅಸ್ತ್ರ ಇನ್ನೂ ಬಾಕಿ ಇತ್ತು. 1962ರಲ್ಲಿ ಸೋತ ಆ ಮೆಟ್ಸ್‌ನ ಮ್ಯಾನೇಜರ್ ಕೇಸಿ ಸ್ಟೆಂಗಲ್. ಅದಕ್ಕೆ ಮುಂಚೆ ಯಾಂಕೀಸ್ ತಂಡಕ್ಕೆ ಏಳು ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲಿನ ಪಟ್ಟ, ಗೆದ್ದುಕೊಟ್ಟವರೂ ಅವರೇ. "ಅದೇ ತಲೆ, ಅದೇ ಬುದ್ಧಿ. ಬೇರೆಯಾಗಿದ್ದು ಆಟಗಾರರು."

"ಹಾಗಾದರೆ 2005 ಗಿಯೆನ್‌ದಲ್ಲವೋ?" ಎಂದು ಆಕೆ ತಿರುಗಿ ಬಿದ್ದಳು. ಆ ವರ್ಷ ಓಜಿ ಗಿಯೆನ್ ಮ್ಯಾನೇಜರ್ ಆಗಿದ್ದಾಗ ಸಾಕ್ಸ್ ಹನ್ನೆರಡು ಪ್ಲೇಆಫ್ ಪಂದ್ಯಗಳಲ್ಲಿ ಹನ್ನೊಂದನ್ನು ಗೆದ್ದು, 1917ರ ನಂತರ ಮೊದಲ ಬಾರಿಗೆ ಪಟ್ಟ ಹಿಡಿದಿತ್ತು. ಇದಕ್ಕೆ ಯಜಮಾನರಲ್ಲಿ ಥಟ್ಟನೆ ಉತ್ತರವಿರಲಿಲ್ಲ. ಎಲೋಟೆ ಲೋಟದ ತಳ ಕೆರೆಯುತ್ತಾ ನನಗನ್ನಿಸಿದ್ದು: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಜುಲೈ ಕೊನೆಯಲ್ಲಿ ಫೆಡ್ಡಿ, ಕೋಪೆಕ್, ಫ್ಯಾಮ್, ಹಿಮೆನೆಸ್ ಎಂಬ ಆಟಗಾರರೆಲ್ಲರನ್ನೂ ಬೇರೆ ತಂಡಗಳಿಗೆ ದಾಟಿಸಿದವರು ಮ್ಯಾನೇಜರ್ ಅಲ್ಲ. ಅಕ್ಕಿ ಡಬ್ಬಿ ಖಾಲಿ ಮಾಡಿ ಅಡುಗೆಯವನನ್ನು ಬೈದರೇನು ಬಂತು?

ಅಷ್ಟರಲ್ಲಿ ಮೇಲಿನ ಸಾಲಿನಲ್ಲಿ ಕೂಗು ಎದ್ದಿತು. "ಸೆಲ್ ದ ಟೀಮ್! ಸೆಲ್ ದ ಟೀಮ್!" 1981ರಿಂದ ತಂಡ ನಡೆಸುತ್ತಿರುವ ಜೆರ್ರಿ ರೈನ್ಸ್‌ಡಾರ್ಫ್‌ಗೆ ಅದು. ಜಗಳವಾಡುತ್ತಿದ್ದ ಇಬ್ಬರೂ ಒಟ್ಟಿಗೆ ದನಿಗೂಡಿಸಿದರು.

ನೀವು ಯಾವ ಊರಿನವರು, ನಿಮ್ಮದು ಯಾವ ತಂಡ ಎಂದು ಯಜಮಾನರು ಕೇಳಿದರು. ಆರ್‌ಸಿಬಿ ಕತೆ ಹೇಳಿದೆ. ಆವರೆಗೆ ಹದಿನೇಳು ಸೀಸನ್, ಕಪ್ ಇಲ್ಲ. ಆ ವರ್ಷ ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸತತ ಆರು ಗೆದ್ದು, ನಮ್ಮನ್ನೆಲ್ಲ ಆಸೆಗೆ ಹಚ್ಚಿ, ಎಲಿಮಿನೇಟರ್‌ನಲ್ಲಿ ಕೈಬಿಟ್ಟದ್ದು. ಅವರು ಕೇಳಿಸಿಕೊಂಡು, "ಹದಿನೇಳಾ," ಎಂದು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮಪ್ಪ ಹುಟ್ಟಿದ್ದು 1917 ಆದ ಮೇಲೆ, ಹೋಗಿದ್ದು 2005ಕ್ಕೆ ಮುಂಚೆ," ಅಂದರು. ನಾನು ಮತ್ತೆ ಹದಿನೇಳರ ಸುದ್ದಿ ಎತ್ತಲಿಲ್ಲ.

ಎಂಟನೇ ಇನ್ನಿಂಗ್ಸಿಗೆ ಬರುವಾಗ ಎದುರಾಳಿ ಏಂಜಲ್ಸ್ 2, ಸಾಕ್ಸ್ ಸೊನ್ನೆ. ಫೋನುಗಳು ಹೊರಬಂದವು, ದಾಖಲೆ ಹಿಡಿಯಲು. ಆಗ ಈ ಹುಡುಗರಿಗೆ ಏನಾಯಿತೋ, ಒಂದೇ ಉಸಿರಿಗೆ ಮೂರು ರನ್ ಹೊಡೆದರು. 3-2. ಗೆದ್ದರು! ಕೆಲವರು ಕುಣಿದರು, ಕೆಲವರು ನಿಟ್ಟುಸಿರು ಬಿಟ್ಟರು. ಮುಂದಿನ ಸಾಲಿನಾಕೆ, "ಸೋಲೋದಕ್ಕೂ ಬರಲ್ಲ ಇವರಿಗೆ," ಎಂದು ಕೋಟು ಕೊಡವಿ ಎದ್ದಳು. ಯಜಮಾನರು ಮಾತ್ರ ಕೊನೆಯ ಚೌಕ ತುಂಬಿ, ಹಾಳೆ ಮಡಚಿ ಜೇಬಿಗಿಟ್ಟು, ನಾಳೆ ಸಿಗೋಣ ಎಂದರು, ನಾನೂ ದಿನಾ ಬರುವವನೇನೋ ಎಂಬಂತೆ.

ಮರುದಿನವೂ ಗೆದ್ದರಂತೆ, ಅದರ ಮರುದಿನವೂ. ಶುಕ್ರವಾರ ರಾತ್ರಿ ನಾನು ಪೆಟ್ಟಿಗೆ ಕಟ್ಟುತ್ತಿದ್ದೆ. ತಮ್ಮನ ಮಗ ಬಾಗಿಲಲ್ಲಿ ನಿಂತು ಫೋನು ತೋರಿಸಿದ. ಡೆಟ್ರಾಯ್ಟ್‌ನಲ್ಲಿ 4-1. ನೂರ ಇಪ್ಪತ್ತೊಂದು.

"ಅಲ್ಲಿ ಡೆಟ್ರಾಯ್ಟಿನವರು ಕುಣೀತಿದಾರೆ ದೊಡ್ಡಪ್ಪ. ಇವರನ್ನ ಸೋಲಿಸಿ ಪ್ಲೇಆಫ್‌ಗೆ ಹೋದ್ರು."

"ಇನ್ನೆಷ್ಟು ಪಂದ್ಯ ಬಾಕಿ ಇದೆಯೋ?" ಅಂದೆ.

"ಎರಡು."